ಬಾಯಿಪಾಠದ ಮದರ್‌ಬೋರ್ಡ್

ಆಸ್ಫಿಯಾಳಿಗೆ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದು ಕಂಪ್ಯೂಟರ್ ಬರುತ್ತಿತ್ತೆಂದಲ್ಲ, ನೆನಪಿನ ಶಕ್ತಿ ಇತ್ತೆಂದು. ಕಮಲಾಪುರದ ಈ ಹುಡುಗಿ ಹಾಫಿಜಾ. ಅಂದರೆ ಪವಿತ್ರ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದವಳು. ಕಲಬುರಗಿಯ ಅಂಗಡಿಯ ಮಾಲೀಕ ಸಮೀವುಲ್ಲಾ ಸೇಠ್ ಅದನ್ನು ಕೇಳಿದ್ದೇ, ಅಷ್ಟು ದೊಡ್ಡದನ್ನು ನೆನಪಿಟ್ಟವಳಿಗೆ ಪ್ರೊಸೆಸರಿನ ನಾಲ್ಕು ಹೆಸರು ಯಾವ ಲೆಕ್ಕ ಎಂದ. ಒಂದು ತಿಂಗಳು ನೋಡೋಣ, ಗಿರಾಕಿ ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಟ್ಟರೆ ಕೌಂಟರ್ ನಿನ್ನದು, ಇಲ್ಲವಾದರೆ ನಿನ್ನ ಊರು ನಿನಗೆ ಎಂದೂ ಸೇರಿಸಿದ.

ಊರು ಅವಳಿಗೆ ಸಿಗುವಂತಿದ್ದರೆ ಚಿಂತೆಯೇ ಇರಲಿಲ್ಲ. ಈ ಕೆಲಸ ತಪ್ಪಿದರೆ ಅವಳು ಹೋಗಬೇಕಾದದ್ದು ಹೈದರಾಬಾದಿಗೆ. ಸೋದರಮಾವ ಜಹೀರುದ್ದೀನ್ ಮಾಮು ಅಲ್ಲಿನ ಒಂದು ಹೆಣ್ಣುಮಕ್ಕಳ ಮದರಸಾದಲ್ಲಿ ಅವಳಿಗೆ ಪಾಠ ಹೇಳುವ ಜಾಗ ಗೊತ್ತು ಮಾಡಿಟ್ಟಿದ್ದ. ಊಟ, ವಸತಿ, ಮರ್ಯಾದೆ ಎಲ್ಲವೂ ಅಲ್ಲಿಯೇ. ಮಾಮುವಿನ ಮಾತಿನಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಆಸ್ಫಿಯಾ ಎಂಟನೆಯ ವಯಸ್ಸಿನಿಂದ ಹದಿನಾಲ್ಕರವರೆಗೆ ಅಂಥದೇ ಹಾಸ್ಟೆಲಿನಲ್ಲಿ ಇದ್ದು ಬಂದವಳು. ಎರಡು ಈದು ಬಿಟ್ಟರೆ ತಾಯಿಯ ಮುಖ ಕಾಣದೆ ಬೆಳೆದವಳು. ಕಲಿತ ವಿದ್ಯೆಯ ಮೇಲೆ ಅವಳಿಗೆ ಪ್ರಾಣ. ಹಾಸ್ಟೆಲಿನ ಸಂಜೆಗಳು ಮಾತ್ರ ಬೇಡವೇ ಬೇಡ. ದಿನಾ ಸಂಜೆ ತನ್ನ ಮನೆಗೆ ತಾನು ಬರಬೇಕು, ಇಷ್ಟೇ ಅವಳ ಆಸೆ. ಬಾಯಿಬಿಟ್ಟು ಹೇಳಿದರೆ, ಅಯ್ಯೋ ಇಷ್ಟೇನಾ ಎಂದು ಜನ ನಗುತ್ತಾರೆ. ನಗುವವರೇನೂ ಆರು ವರ್ಷ ಟ್ರಂಕಿನ ಪಕ್ಕದಲ್ಲಿ ಮಲಗಿ ಎದ್ದವರಲ್ಲ. ಅಪ್ಪ ಮಲಂಗಸಾಬ ನಡುವಿನ ದಾರಿ ಹಿಡಿದಿದ್ದ. ಅಂಗಡಿಯವರು ಇಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಮಾಮು ಹೇಳಿದಂತೆ ಎಂದು ಇಬ್ಬರಿಗೂ ಮಾತು ಕೊಟ್ಟು ಕೈ ತೊಳೆದುಕೊಂಡಿದ್ದ.

ರಂಜಾನ್ ಮುಗಿದು ಬಿಸಿಲು ಏರುತ್ತಿದ್ದ ದಿನಗಳವು. ಮೊದಲ ದಿನ ಸೇಠ್ ಅವಳನ್ನು ಹಿಂದಿನ ಕೋಣೆಗೆ, ರಿಪೇರಿಯ ಖಮರುದ್ದೀನನ ಹತ್ತಿರ ಕಳಿಸಿದ. ಖಮರುದ್ದೀನ್ ನಡುವಯಸ್ಸು ದಾಟಿದವನು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಊರೆಲ್ಲ ಅದನ್ನೇ ಹುಡುಕುವ ಜಾತಿಯವನು. ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಮನೆಯಲ್ಲಿ ಯಾರು ಯಾವ ಭಾಷೆಯನ್ನಾದರೂ ಆಡಿಕೊಳ್ಳಲಿ, ಶಟರಿನ ಒಳಗೆ ಕನ್ನಡ. ಎದುರಿಗೇ ಉರ್ದುವಿನಲ್ಲಿ ಮಾತಾಡಿಕೊಂಡರೆ ಗಿರಾಕಿಗೆ ತನ್ನ ಮೇಲೆಯೇ ಏನೋ ಮಸಲತ್ತು ನಡೆದಿದೆ ಅನಿಸುತ್ತದೆ ಎಂಬುದು ಸೇಠನ ಅನುಭವ. ಹೀಗಾಗಿ ಖಮರುದ್ದೀನ್ ಕನ್ನಡದಲ್ಲಿಯೇ, ಆ ಸಿಪಿಯು ಇತ್ತ ತಾ ಎಂದ. ಅವಳು ಮೂಲೆಯಲ್ಲಿದ್ದ ಕರಿಯ ಡಬ್ಬಿಯನ್ನು ಎತ್ತಿ ತಂದಳು.

ಅವನು ಬದಿಯ ತಗಡು ಬಿಚ್ಚಿ ತೋರಿಸಿದ. ಇಡೀ ಕಲಬುರಗಿ ಈ ಡಬ್ಬಿಗೇ ಸಿಪಿಯು ಅನ್ನುತ್ತದೆ, ಊರು ಅನ್ನುತ್ತದೆಂದು ನಾನೂ ಅನ್ನುತ್ತೇನೆ. ಆದರೆ ಇದು ಬರೀ ಕ್ಯಾಬಿನೆಟ್. ಒಳಗೆ ಹಾಸಿರುವ ಈ ಹಲಗೆ ಮದರ್‌ಬೋರ್ಡ್. ಹಲಗೆಯ ನಡುವೆ, ಫ್ಯಾನಿನ ಅಡಿಯಲ್ಲಿ, ಬಿಸ್ಕತ್ತಿನಷ್ಟು ಅಗಲದ ಚೌಕ ಇದೆಯಲ್ಲ, ಅದು ಪ್ರೊಸೆಸರ್. ಸಿಪಿಯು ಅಂದರೆ ನಿಜವಾಗಿ ಅದೇ. ಅದು ಕೂರುವ ಪೀಠ ಸಾಕೆಟ್. ಪಕ್ಕದ ಉದ್ದ ಸೀಳುಗಳಲ್ಲಿ ರ್‍ಯಾಮ್ ನಿಲ್ಲುತ್ತದೆ. ಇಷ್ಟು ಹೇಳಿ ಅವನು ಸ್ಟೂಲು ಎಳೆದು, ಒಂದೊಂದರ ಅರ್ಥ ಹೇಳುತ್ತೇನೆ ಕೂಡು ಎಂದ. ಆಸ್ಫಿಯಾ ಕೂರಲಿಲ್ಲ.

"ಅರ್ಥ ಆಮ್ಯಾಲ ಹೇಳ್ರಿ ಚಾಚಾ," ಎಂದಳು. "ಮೊದಲ ಹೆಸರು ಪಾಠ ಆಗ್ಲಿ."

ಹಾಸ್ಟೆಲಿನಲ್ಲಿ ಪಾಠ ಹೇಳುತ್ತಿದ್ದ ಆಪಾ ಕಲಿಸಿದ ಕ್ರಮವೇ ಅದು. ಮೊದಲು ಬಾಯಿಗೆ ಬರಬೇಕು, ಅರ್ಥ ತನ್ನ ಕಾಲದಲ್ಲಿ ತಾನೇ ಬರುತ್ತದೆ. ದಿನದ ಓದು ಮೂರು ಭಾಗ: ಇವತ್ತಿನ ಹೊಸ ಪಾಠ ಸಬಖ್, ಈಚಿನ ದಿನಗಳ ಪಾಠ ಸಬ್ಖಿ, ಹಿಂದೆಂದೋ ಮುಗಿಸಿದ ಹಳೆಯ ಪಾಠ ಮಂಜಿಲ್. ಮೂರನ್ನೂ ದಿನಾ ಒಪ್ಪಿಸದೆ ಊಟವಿಲ್ಲ. ಆಸ್ಫಿಯಾ ಪ್ರೊಸೆಸರಿಗೂ ಅದೇ ಲಗಾಮು ಹಾಕಿದಳು. ಬೆಳಿಗ್ಗೆ ಕಮಲಾಪುರದಿಂದ ಬರುವ ಬಸ್ಸಿನಲ್ಲಿ ಹೊಸ ಸಬಖ್: ಈ ಮಾದರಿಗೆ ಕೋರ್ ಎಷ್ಟು, ಥ್ರೆಡ್ ಎಷ್ಟು, ಕ್ಯಾಶ್ ಎಷ್ಟು, ಸಾಕೆಟ್ ಯಾವುದು. ಮಧ್ಯಾಹ್ನ ಡಬ್ಬಿಯ ರೊಟ್ಟಿ ಬಿಚ್ಚುವಾಗ ಸಬ್ಖಿ. ಸಂಜೆ ಮಹಾಗಾಂವದ ಹೊಲಗಳು ಹಿಂದೆ ಸರಿಯುತ್ತಿರುವಾಗ ಮಂಜಿಲ್. ಪಕ್ಕದಲ್ಲಿ ಕೂತವರು ಹುಡುಗಿ ಏನೋ ದುವಾ ಓದುತ್ತಿದ್ದಾಳೆಂದು ಭಕ್ತಿಯಿಂದ ಸ್ವಲ್ಪ ಜರುಗಿ ಕೂರುತ್ತಿದ್ದರು.

ಎರಡನೆಯ ವಾರ ಮುಗಿಯುವುದರೊಳಗೆ ಅಂಗಡಿಯ ಗೋಡೆಯ ಮೇಲಿದ್ದ ಪೆಟ್ಟಿಗೆಗಳೆಲ್ಲ ಅವಳ ತಲೆಯಲ್ಲಿದ್ದವು. ಸೇಠನಿಗೆ ಹಿಗ್ಗೋ ಹಿಗ್ಗು. ಬೇಕಾದವರು ಬೇಡದವರು ಯಾರೇ ಬಂದರೂ, ಆ ಮಾದರಿಯದು ಹೇಳು, ಈ ಮಾದರಿಯದು ಹೇಳು ಎಂದು ಅವಳಿಂದ ಹೇಳಿಸಿ, ತಾನೇ ಹೆತ್ತವನಂತೆ ಎಲ್ಲರ ಮುಖ ನೋಡುತ್ತಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು. ಖಮರುದ್ದೀನ್ ಮಾತ್ರ ಒಮ್ಮೆ, ಎಲ್ಲಾ ಸರಿ, ಇದನ್ನೆಲ್ಲ ನಿನ್ನ ಬಾಯಿಂದ ದಿನಾ ಕೇಳಿ ತಿದ್ದುವವರು ಯಾರು ಎಂದು ಕೇಳಿದ್ದ. ತಪ್ಪಿದರಲ್ಲವೇ ತಿದ್ದುವುದು ಎಂದು ಅವಳು ನಕ್ಕಿದ್ದಳು. ನೆನಪಿನ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು. ಇದ್ದುದನ್ನು ಇಲ್ಲವೆನ್ನುವುದು ಬೇಡ.

ಅವಳ ಮನೆಯಲ್ಲಿ ತಿದ್ದುವವಳೂ ಅವಳೇ. ತಮ್ಮ ಅಕ್ರಮ್ ಕೂಡ ಹಾಫಿಜ್; ರಂಜಾನಿನ ರಾತ್ರಿಗಳಲ್ಲಿ ಓಣಿಯ ಮಸೀದಿಯಲ್ಲಿ ಮುಂದೆ ನಿಂತು ಓದುವವನು. ಅಲ್ಲಿ ಓದುವವನ ಬೆನ್ನಿಗೇ ಇನ್ನೊಬ್ಬ ಹಾಫಿಜ್ ನಿಂತು ಕೇಳುತ್ತಿರುತ್ತಾನೆ. ಮುಂದಿನವನು ತಪ್ಪಿದರೆ, ತಪ್ಪಾಯಿತು ಎನ್ನುವುದಿಲ್ಲ. ಸರಿಯಾದ ಪದವನ್ನಷ್ಟೇ ಹೇಳಿಕೊಡುತ್ತಾನೆ. ಮುಂದಿನವನು ತಿರುಗಿ ನೋಡದೆ, ಒಂದು ಹೆಜ್ಜೆ ಹಿಂದಿನಿಂದ ಮತ್ತೆ ಓದಿಕೊಂಡು ಬಂದು, ಆ ಪದ ಎತ್ತಿಕೊಂಡು ಮುಂದುವರಿಯುತ್ತಾನೆ. ಲುಖ್ಮಾ ಕೊಡುವುದು ಎನ್ನುತ್ತಾರೆ ಅದಕ್ಕೆ; ತುತ್ತು ಕೊಟ್ಟ ಹಾಗೆ. ತೆಗೆದುಕೊಂಡವನು ನಾಚಬಾರದು, ಕೊಟ್ಟವನು ಬೀಗಬಾರದು. ಅಕ್ರಮ್ ಮಸೀದಿಗೆ ಹೋಗುವ ಮುಂಚೆ ಅಂದಿನ ಭಾಗವನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕನಿಗೆ ಒಪ್ಪಿಸುತ್ತಿದ್ದ. ಆಸ್ಫಿಯಾ ರೊಟ್ಟಿ ಬಡಿಯುತ್ತಲೇ ಅವನಿಗೆ ಲುಖ್ಮಾ ಕೊಡುತ್ತಿದ್ದಳು.

ತಿಂಗಳ ಕೊನೆಯ ವಾರ ಪಾಂಡುರಂಗರಾವ್ ಅಂಗಡಿಗೆ ಬಂದರು. ಜೇವರ್ಗಿ ಕಾಲೋನಿಯವರು, ನೀರಾವರಿ ಇಲಾಖೆಯಿಂದ ನಿವೃತ್ತರಾದವರು, ಹಣೆಯ ಮೇಲೆ ಅಂಗಾರ ಅಕ್ಷತೆ ತಪ್ಪದವರು. ಮೊಮ್ಮಗಳು ಸಮೀಕ್ಷಾ ಕಟ್ಟಡಗಳ ನಕ್ಷೆ ಬರೆಯುವ ಓದಿಗೆ ಸೇರಿದ್ದಳು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅವಳು ಒಂದು ಗೋಡೆ ಎಳೆದರೆ ಅದು ಮೂಡುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತಂತೆ. ಪ್ರೊಸೆಸರ್ ಒಂದನ್ನು ಬದಲಿಸಿದರೆ ಸಾಕು ಎಂದು ಯಾರೋ ಹೇಳಿದ್ದರು. ರಾಯರು ಫೋನಿನಲ್ಲಿ ಬೋರ್ಡಿನ ಫೋಟೊ ಹಿಡಿದುಕೊಂಡು ಬಂದಿದ್ದರು.

ಆಸ್ಫಿಯಾ ಫೋಟೊ ನೋಡಿ, ಸಾಕೆಟಿನ ಹೆಸರು ಓದಿ, ಕಪಾಟಿನಿಂದ ಹೊಸ ಪೆಟ್ಟಿಗೆ ಇಳಿಸಿ ಶುರು ಮಾಡಿದಳು. ಸಾಕೆಟ್ ಎಎಂ-ಫೋರ್, ನಿಮ್ಮದೂ ಅದೇ. ಕೋರ್ ಆರು, ಥ್ರೆಡ್ ಹನ್ನೆರಡು, ವೇಗ ಮೂರೂವರೆ ಗಿಗಾಹರ್ಟ್ಸ್, ಕ್ಯಾಶ್ ಮೂವತ್ತೆರಡು ಎಂಬಿ. ಎಲ್ಲಿಯೂ ಉಸಿರು ಸಿಕ್ಕಿಕೊಳ್ಳಲಿಲ್ಲ. ರಾಯರು ಕಣ್ಣು ಮುಚ್ಚಿ ಕೇಳಿದರು. ಬೆಳಗಿನ ಸ್ತೋತ್ರವನ್ನು ತಾವೂ ಹೀಗೆಯೇ ಹೇಳುತ್ತೇವೆ, ಸ್ಪಷ್ಟ ಉಚ್ಚಾರ ಕೇಳಿದರೆ ಮನಸ್ಸಿಗೆ ಸಮಾಧಾನ ಎಂದರು. ಆ ಸಮಾಧಾನದಲ್ಲಿಯೇ ಪೆಟ್ಟಿಗೆ ಕೊಂಡು ಹೋದರು. ಬಾಯಿಪಾಠದವರು ಬಾಯಿಪಾಠದವರನ್ನು ನಂಬಿದ್ದು ಹೀಗೆ.

ಸೋಮವಾರ ಬೆಳಿಗ್ಗೆ ಅವರು ಆಟೊದಲ್ಲಿ ಇಡೀ ಕ್ಯಾಬಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಓಣಿಯ ಹುಡುಗನೊಬ್ಬ ಹೊಸ ಪ್ರೊಸೆಸರ್ ಕೂರಿಸಿಕೊಟ್ಟಿದ್ದ; ತೆಗೆದ ಹಳೆಯದನ್ನೂ ಕಾಗದದಲ್ಲಿ ಸುತ್ತಿ ತಂದಿದ್ದರು. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಖಮರುದ್ದೀನ್ ನೋಡಿದ, ಅಂಗಡಿಯಲ್ಲಿಯೂ ಅದೇ ಕತೆ. ಪ್ರೊಸೆಸರಿನಲ್ಲಿ ದೋಷವಿಲ್ಲ, ಬೋರ್ಡಿನಲ್ಲೂ ದೋಷವಿಲ್ಲ, ಎರಡೂ ಒಂದಕ್ಕೊಂದು ಮಾತಾಡುತ್ತಿಲ್ಲ ಎಂದ.

ಸೇಠ್ ರಾಯರ ಎದುರಿಗೇ ಆಸ್ಫಿಯಾಳನ್ನು ತರಾಟೆಗೆ ತೆಗೆದುಕೊಂಡ. ಸಾಕೆಟ್ ಒಂದೇ ಎಂದ ಮಾತ್ರಕ್ಕೆ ಮಾರಿಬಿಡುವುದೇ, ಬೋರ್ಡ್ ಎಷ್ಟು ಹಳೆಯದು ಎಂದು ಕೇಳುವುದು ಬೇಡವೇ, ತಲೆಮಾರು ಬದಲಾದರೆ ಬೋರ್ಡೂ ಬದಲಾಗಬೇಕು ಎನ್ನುವುದು ತನ್ನ ಅಂಗಡಿಯ ಬೆಕ್ಕಿಗೂ ಗೊತ್ತು ಎಂದ. ಮತ್ತೆ ರಾಯರ ಕಡೆ ತಿರುಗಿ ದನಿ ತಗ್ಗಿಸಿ, ಹೊಸ ಬೋರ್ಡ್ ಹಾಕಬೇಕು, ಅದಕ್ಕೆ ತಕ್ಕ ಹೊಸ ರ್‍ಯಾಮ್ ಬೇಕು, ನಾಳೆ ಹೈದರಾಬಾದಿಗೆ ಮಾಲಿಗೆ ಹೊರಟಿದ್ದೇನೆ, ತರುತ್ತೇನೆ ಎಂದ. ರಾಯರ ಮುಖ ಸಣ್ಣದಾಯಿತು. ಪ್ರೊಸೆಸರ್ ಒಂದೇ ಎಂದು ಮನೆಯಲ್ಲಿ ಹೇಳಿ ಬಂದಿದ್ದರು. ಗುರುವಾರ ಮಠಕ್ಕೆ ಹೋಗಿ ಬರುವಾಗ ಬರುತ್ತೇನೆ ಎಂದು ಹೇಳಿ, ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಹೋದರು.

ಅವರು ಹೋದ ಮೇಲೆ ಸೇಠ್ ಆಸ್ಫಿಯಾಳಿಗೆ ಒಂದೇ ಮಾತು ಹೇಳಿದ.

"ಗುರುವಾರಕ್ಕ ನಿನ್ನ ತಿಂಗಳ ಮುಗೀತದ. ಅವತ್ತ ನೋಡಿ ಹೇಳ್ತೀನಿ."

ಸೇಠನನ್ನು ಮೋಸಗಾರ ಎನ್ನಬಾರದು. ತಲೆಮಾರು ಬದಲಾದರೆ ಬೋರ್ಡ್ ಬದಲು ಎಂಬುದು ಅವನು ಅಂಗಡಿ ತೆರೆದ ಕಾಲದಲ್ಲಿ ಕಲಿತ ಪಾಠ. ಆಗ ಅವನು ಮಾರುತ್ತಿದ್ದ ಬೋರ್ಡುಗಳಿಗೆ ಅದು ನಿಜವೂ ಆಗಿತ್ತು. ಅವನೂ ಒಂದು ಥರದ ಹಾಫಿಜನೇ. ಬೆನ್ನ ಹಿಂದೆ ಕೇಳುವವರು ಮಾತ್ರ ಇರಲಿಲ್ಲ.

ಆಸ್ಫಿಯಾಳಿಗೆ ಆ ದಿನ ರೊಟ್ಟಿ ಸೇರಲಿಲ್ಲ. ಪಾಠವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಒಪ್ಪಿಸಿಕೊಂಡಳು, ಒಂದಕ್ಷರ ತಪ್ಪಿರಲಿಲ್ಲ. ಪೆಟ್ಟಿಗೆಯ ಮೇಲೆ ಇದ್ದದ್ದೆಲ್ಲ ಅವಳ ಬಾಯಲ್ಲಿ ಇದ್ದ ಹಾಗೆಯೇ ಇತ್ತು. ಪಾಠ ಸರಿ, ಫಲ ತಪ್ಪು. ಇಂಥದ್ದು ಅವಳ ಬಾಳಿನಲ್ಲಿ ಹಿಂದೆ ಆಗಿರಲಿಲ್ಲ. ಅವಳಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹಾಸ್ಟೆಲಿನ ಉದ್ದ ಕೋಣೆ ಕಣ್ಣ ಮುಂದೆ ಬಂತು. ಮಧ್ಯಾಹ್ನ ಹಿಂದಿನ ಕೋಣೆಗೆ ಹೋಗಿ, ಮೊದಲ ದಿನ ಕೂರಲೊಲ್ಲದ ಸ್ಟೂಲಿನ ಮೇಲೆ ಕೂತಳು.

"ಚಾಚಾ, ಈಗ ಅರ್ಥ ಹೇಳ್ರಿ."

ಖಮರುದ್ದೀನ್ ನಗಲಿಲ್ಲ, ಅದು ಅವನ ದೊಡ್ಡತನ. ಬೋರ್ಡಿನ ಮೇಲೆ ಉಗುರಿನಷ್ಟು ಚಿಕ್ಕ ಚಿಪ್ಪೊಂದನ್ನು ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ. ಇದರಲ್ಲಿ ಬಯಾಸ್ ಇರುತ್ತದೆ. ಸ್ವಿಚ್ ಒತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಕಣ್ಣು ಬಿಡುವುದು ಇದೇ. ಸಾಕೆಟಿನಲ್ಲಿ ಕೂತವರು ಯಾರು ಎಂದು ನೋಡುತ್ತದೆ. ಗೊತ್ತಿದ್ದವರಾದರೆ ಕೆಲಸ ಶುರು, ಗೊತ್ತಿಲ್ಲದವರಾದರೆ ಸುಮ್ಮನೆ ಕೂತುಬಿಡುತ್ತದೆ. ಈ ಬೋರ್ಡು ತಯಾರಾದಾಗ ಈ ಪ್ರೊಸೆಸರ್ ಹುಟ್ಟಿಯೇ ಇರಲಿಲ್ಲ, ಗುರುತು ಹಿಡಿಯುವುದು ಹೇಗೆ? ಆಸ್ಫಿಯಾ ತಲೆಯಾಡಿಸಿದಳು. ಪದ ಹೊಕ್ಕಿತು, ವಿಷಯ ಹೊರಗೇ ಉಳಿಯಿತು.

ಅದು ಒಳಹೊಕ್ಕಿದ್ದು ಸಂಜೆ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ. ಅವಳ ಪಕ್ಕದಲ್ಲಿ ಗಂಟು ಹೊತ್ತ ಹೆಂಗಸೊಬ್ಬಳು ಕೂತಿದ್ದಳು. ಕಂಡಕ್ಟರ್ ಬಂದಾಗ ಆಸ್ಫಿಯಾ ಆಧಾರ್ ತೋರಿಸಿದಳು, ಅವನು ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಪಕ್ಕದವಳೂ ತೋರಿಸಿದಳು. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, ಇದು ಜಹೀರಾಬಾದಿನ ವಿಳಾಸ, ತೆಲಂಗಾಣದ್ದು ನಡೆಯುವುದಿಲ್ಲ, ಟಿಕೆಟ್ ತಗೊಳ್ಳಿ ಎಂದ. ಹೆಂಗಸು ಬಿಡುವವಳಲ್ಲ.

"ಸೀಟು ಅದೇ ಅದ, ನಾನೂ ಹೆಂಗಸೇ ಇದ್ದೀನಿ. ಮತ್ತ ಯಾಕ ನಡ್ಯಾಂಗಿಲ್ಲ?"

"ನನಗ ಹೇಳಿದ್ದು ಇಷ್ಟೇ ಅದರಿ ಅಮ್ಮಾ," ಎಂದ ಕಂಡಕ್ಟರ್. "ನಾಳೆ ಮ್ಯಾಲಿಂದ ಆರ್ಡರ್ ಬಂದ್ರ ನಿಮಗೂ ಕೊಡ್ತೀನಿ. ನನ್ನ ಗಂಟೇನು ಹೋಗ್ತದ?"

ಹೆಂಗಸು ಗೊಣಗುತ್ತ ಸೊಂಟದ ಚೀಲ ಬಿಚ್ಚಿದಳು. ಆಸ್ಫಿಯಾಳ ಬಾಯಲ್ಲಿ ಓಡುತ್ತಿದ್ದ ಮಂಜಿಲ್ ನಿಂತುಹೋಯಿತು. ಸೀಟು ಸಾಕೆಟ್. ಕೂತವಳು ಪ್ರೊಸೆಸರ್. ಸೀಟಿಗೆ ಯಾರು ಬೇಕಾದರೂ ಹಿಡಿಸುತ್ತಾರೆ. ಹಿಡಿಸಿದರಷ್ಟೇ ಸಾಲದು, ಕಂಡಕ್ಟರಿಗೆ ಗುರುತು ಸಿಗಬೇಕು. ಕಂಡಕ್ಟರನ ತಪ್ಪಿಲ್ಲ, ಅವನಿಗೆ ಹೇಳಿದ್ದಷ್ಟೇ ಅವನಿಗೆ ಗೊತ್ತು. ಆದರೆ ಮೇಲಿನಿಂದ ಹೊಸ ಆರ್ಡರ್ ಬಂದರೆ? ಕಮಲಾಪುರ ಬಂದದ್ದೇ ಅವಳಿಗೆ ತಿಳಿಯಲಿಲ್ಲ. ಇಳಿಯುವವರು ಇಳಿದು ಬಸ್ಸು ಹೊರಡುವಾಗ ಕೂಗಿ ನಿಲ್ಲಿಸಿಕೊಂಡು ಇಳಿದಳು.

ಮರುದಿನ ಅಂಗಡಿ ತೆರೆದ ಕೂಡಲೇ ಅವಳು ಖಮರುದ್ದೀನನನ್ನು ಕೇಳಿದ್ದು ಅದನ್ನೇ: ಆ ಬಯಾಸಿಗೆ ಹೊಸ ಆರ್ಡರ್ ಕಳಿಸಬಹುದೇ? ಅವನು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ ಅವಳನ್ನು ಸರಿಯಾಗಿ ನೋಡಿದ. ಕಳಿಸಬಹುದು; ಬಯಾಸ್ ಅಪ್‌ಡೇಟ್ ಎಂದರೆ ಅದೇ. ಬೋರ್ಡ್ ಮಾಡಿದವರ ಸೈಟಿನಲ್ಲಿ ಇಬ್ಬರೂ ಹುಡುಕಿದರು. ರಾಯರ ಬೋರ್ಡಿಗೆ ಹೊಸ ಬಯಾಸ್ ಇತ್ತು, ರಾಯರು ಕೊಂಡ ಪ್ರೊಸೆಸರಿನ ಹೆಸರು ಅದರಲ್ಲಿ ಸೇರಿತ್ತು. ಹಳೆಯ ಪ್ರೊಸೆಸರನ್ನು ಮತ್ತೆ ಕೂರಿಸಿ, ಬಯಾಸಿಗೆ ಹೊಸ ಆರ್ಡರ್ ಓದಿಸಿ, ಆಮೇಲೆ ಹೊಸದನ್ನು ಕೂರಿಸಿದರೆ ಮುಗಿಯಿತು. ಹೊಸ ಬೋರ್ಡ್ ಬೇಕಿಲ್ಲ, ಹೊಸ ರ್‍ಯಾಮ್ ಬೇಕಿಲ್ಲ.

ಹಾಗಾದರೆ ಸೇಠನಿಗೆ ಹೇಳಿ ಎಂದಳು ಆಸ್ಫಿಯಾ. ಖಮರುದ್ದೀನ್ ಕನ್ನಡಕವನ್ನು ಮತ್ತೆ ಹಣೆಗೇರಿಸಿದ. ಒಂದು ಸಲ ಗಿರಾಕಿಯ ಎದುರಿಗೆ ಸೇಠನ ಮಾತು ತಿದ್ದಿದ್ದಕ್ಕೆ ನಾನು ಬಕ್ರೀದ್ ಮುಗಿಯುವವರೆಗೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದೆ. ಆನೆ ನಡೆದದ್ದೇ ದಾರಿ. ನಾನು ಆ ದಾರಿಗೆ ಅಡ್ಡ ಮಲಗುವುದಿಲ್ಲ. ಅವರು ಹೊಸ ಬೋರ್ಡ್ ಎಂದಿದ್ದಾರೆ, ಹೊಸ ಬೋರ್ಡೇ. ನಿನಗಂತೂ ತಿಂಗಳೇ ಮುಗಿದಿಲ್ಲ, ತುಟಿ ಹೊಲಿದುಕೊಂಡು ಇರು ಎಂದ. ಆಸ್ಫಿಯಾ ಧೈರ್ಯ ಮಾಡಿ ಸೇಠನಿಗೆ ಫೋನು ಹಚ್ಚಿದಳು. ಅವನು ಹೈದರಾಬಾದಿನ ಯಾವುದೋ ಗದ್ದಲದ ನಡುವೆ, ಹಾಂ ಹಾಂ, ರಾವ್‌ಸಾಬರ ಬೋರ್ಡ್ ತಗೊಂಡೀನಿ ಎಂದು ಹೇಳಿ ಕತ್ತರಿಸಿದ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಗುರುವಾರ ಸೇಠನಿಗಿಂತ ಮೊದಲು ರಾಯರೇ ಬಂದು ಕೂತರು. ಕೈಯಲ್ಲಿ ಮಠದ ಪ್ರಸಾದದ ಪೊಟ್ಟಣ ಇತ್ತು. ಆಸ್ಫಿಯಾ ಅವರಿಗೆ ಆಗಲೇ ಎಲ್ಲ ಹೇಳಿಬಿಡಬಹುದಿತ್ತು. ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು. ಮಾಲೀಕ ಇಲ್ಲದಾಗ ಅವನ ಮಾತು ಮುರಿಯುವುದು ಚಾಡಿಯಂತೆ ಅನಿಸಿತು. ಅಷ್ಟರಲ್ಲಿ ಸೇಠ್ ಪೆಟ್ಟಿಗೆಗಳ ಸಮೇತ ಬಂದಿಳಿದ. ಬೆವರು ಒರೆಸಿಕೊಳ್ಳುತ್ತಲೇ ಹೊಸ ಬೋರ್ಡಿನ ಪೆಟ್ಟಿಗೆಯನ್ನು ರಾಯರ ಮುಂದೆ ಇಟ್ಟ. ಆಸ್ಫಿಯಾ ಅವನ ಬೆನ್ನ ಹಿಂದೆ, ಕಪಾಟಿಗೆ ಒರಗಿ ನಿಂತಿದ್ದಳು. ಖಮರುದ್ದೀನ್ ಒಳಬಾಗಿಲಲ್ಲಿ ಇದ್ದ.

"ನೋಡ್ರಿ ರಾವ್‌ಸಾಬ್," ಎಂದು ಸೇಠ್ ಶುರು ಮಾಡಿದ. "ನಿಮ್ಮ ಬೋರ್ಡಿನ ಕಾಲ ಮುಗೀತು. ಹೊಸ ಪ್ರೊಸೆಸರ್ ಇದರ ಮ್ಯಾಲ ನಡ್ಯಾಂಗಿಲ್ಲ."

ಆಗ ಆಸ್ಫಿಯಾಳಿಗೆ ಕಂಡದ್ದು ಸೇಠನ ಬೆನ್ನು. ಬೆನ್ನು ಕಾಣುತ್ತಿದೆ, ಮುಂದಿನವರು ತಪ್ಪಿದ್ದಾರೆ, ಸರಿಯಾದ ಪದ ತನಗೆ ಗೊತ್ತಿದೆ. ಆಮೇಲೆ ಏನು ಮಾಡಬೇಕೆಂದು ಅವಳು ಯೋಚಿಸಬೇಕಾಗಲಿಲ್ಲ. ಎಷ್ಟೋ ರಂಜಾನುಗಳ ಅಭ್ಯಾಸ ಅದು. ಅವನಿಗಷ್ಟೇ ಕೇಳಿಸುವಂತೆ, ಎತ್ತರಿಸದ, ಅಳುಕದ ದನಿಯಲ್ಲಿ ಹೇಳಿದಳು.

"ಬಯಾಸ್ ಅಪ್‌ಡೇಟ್ ಮಾಡಿದ್ರ ನಡೀತದ."

ಸೇಠ್ ತಿರುಗಲಿಲ್ಲ. ಖಮರುದ್ದೀನ್ ನೆಲ ನೋಡುತ್ತಿದ್ದ. ರಾಯರು ಒಮ್ಮೆ ಸೇಠನ ಮುಖ, ಒಮ್ಮೆ ಅವನ ಹೆಗಲಾಚೆಯ ಮುಖ ನೋಡಿದರು. ಸೇಠ್ ಗಂಟಲು ಸರಿಮಾಡಿಕೊಂಡು, ಬಿಟ್ಟ ಮಾತನ್ನು ಹಿಂದಿನಿಂದ ಎತ್ತಿಕೊಂಡ.

"ಹೊಸ ಪ್ರೊಸೆಸರ್ ಇದರ ಮ್ಯಾಲ..."

ಅಲ್ಲಿಯೇ ನಿಂತ. ಆಸ್ಫಿಯಾ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಕೊಟ್ಟಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ.

"ಬಯಾಸ್ ಅಪ್‌ಡೇಟ್ ಮಾಡಿದ್ರ ನಡೀತದ್ರಿ," ಎಂದ ಸೇಠ್ ರಾಯರಿಗೆ. "ಖಮರುದ್ದೀನ್ ಮಾಡಿಕೊಡ್ತಾರ. ಕೂಡ್ರಿ, ಚಹಾ ತರಸ್ತೀನಿ."

ಖಮರುದ್ದೀನನಿಗೆ ಚಿಂತೆ ಹತ್ತಿದ್ದು ಆಗ. ಬಯಾಸಿಗೆ ಹೊಸದನ್ನು ಬರೆಯುವಾಗ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಕಲಬುರಗಿಯ ಬೇಸಿಗೆಯಲ್ಲಿ ಕರೆಂಟನ್ನು ನಂಬುವವರು ಯಾರು. ಅವನು ಇದ್ದ ಒಂದು ಯುಪಿಎಸ್ಸಿಗೆ ರಾಯರ ಡಬ್ಬಿ, ಒಂದು ಪರದೆ ಇಷ್ಟನ್ನೇ ಜೋಡಿಸಿ, ಹಳೆಯ ಪ್ರೊಸೆಸರ್ ಕೂರಿಸಿ, ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಒಂದು ಪಟ್ಟೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬತೊಡಗಿತು. ಅರ್ಧ ತುಂಬಿತ್ತೋ ಇಲ್ಲವೋ, ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು. ಯುಪಿಎಸ್ ಕುಂಯ್ ಕುಂಯ್ ಎಂದು ಕೂಗಲು ಶುರುಮಾಡಿತು.

ಸೇಠ್ ಆಗ ಮೊದಲ ಬಾರಿ ತಿರುಗಿ ಆಸ್ಫಿಯಾಳನ್ನು ನೋಡಿದ. ಬೋರ್ಡ್ ಸತ್ತರೆ ಬೇರೆಯದನ್ನು ತಾನೇ ಕೊಡಬೇಕು, ಅದೂ ಇವಳ ಮಾತಿನಿಂದ ಸತ್ತದ್ದಕ್ಕೆ. ಆಸ್ಫಿಯಾಳಿಗೆ ದುವಾ ಒಂದೂ ನೆನಪಾಗಲಿಲ್ಲ. ಎಲ್ಲ ಬಾಯಿಪಾಠವೂ ಎಲ್ಲೋ ಹೋಗಿತ್ತು. ಪಟ್ಟೆಯನ್ನೇ ನೋಡುತ್ತ ನಿಂತಳು. ರಾಯರು ಮಾತ್ರ ಚಹಾ ಆರಿಸಿಕೊಳ್ಳುತ್ತ, ಈ ಬಯಾಸ್ ಅಂದರೆ ಏನು ತಂಗಿ ಎಂದು ಕೇಳಿದರು. ಅವಳು ಪಟ್ಟೆಯಿಂದ ಕಣ್ಣು ತೆಗೆಯದೆ ಸೀಟು, ಜಹೀರಾಬಾದಿನ ಹೆಂಗಸು, ಕಂಡಕ್ಟರ್, ಆರ್ಡರ್ ಎಲ್ಲ ಹೇಳಿದಳು. ನಡುನಡುವೆ ತಡವರಿಸಿದಳು, ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹೇಳಿದಳು. ರಾಯರಿಗೆ ಈ ಸಲ ಕಣ್ಣು ಮುಚ್ಚಲಾಗಲಿಲ್ಲ.

"ಅಂದ್ರ ನಮ್ಮ ಡಬ್ಬಿಗೆ ಆಧಾರ್ ಕಾರ್ಡ್ ಮಾಡಸಾಕತ್ತೀರಿ ಅನ್ನು," ಎಂದರು.

ಪಟ್ಟೆ ತುಂಬಿತು. ಯುಪಿಎಸ್ ಇನ್ನೂ ಕೂಗುತ್ತಿತ್ತು. ಖಮರುದ್ದೀನ್ ಎಲ್ಲವನ್ನೂ ಆರಿಸಿ, ಕರೆಂಟ್ ಬರುವವರೆಗೆ ಕಾದು, ಹೊಸ ಪ್ರೊಸೆಸರಿನ ಮೂಲೆಯ ಸಣ್ಣ ತ್ರಿಕೋನವನ್ನು ಸಾಕೆಟಿನ ತ್ರಿಕೋನಕ್ಕೆ ಹೊಂದಿಸಿ ಕೂರಿಸಿದ. ಮೇಲೆ ಪೇಸ್ಟ್ ಇಟ್ಟು ಫ್ಯಾನ್ ಬಿಗಿದು ಸ್ವಿಚ್ ಒತ್ತಿದ. ಪರದೆ ಸ್ವಲ್ಪ ಹೊತ್ತು ಕಪ್ಪಗಿದ್ದು ಬೆಳಗಿತು. ಮೇಲ್ತುದಿಯಲ್ಲಿ ಹೊಸ ಪ್ರೊಸೆಸರಿನ ಹೆಸರು ಮೂಡಿತ್ತು. ರಾಯರು ಪೊಟ್ಟಣ ಬಿಚ್ಚಿ ಎಲ್ಲರ ಕೈಗೂ ಕಲ್ಲುಸಕ್ಕರೆ ಹಾಕಿ, ಡಬ್ಬಿಯನ್ನು ಮೊದಲಿನಂತೆಯೇ ಮಡಿಲಲ್ಲಿಟ್ಟುಕೊಂಡು ಆಟೊ ಹತ್ತಿದರು. ಹೈದರಾಬಾದಿನಿಂದ ಬಂದ ಹೊಸ ಬೋರ್ಡನ್ನು ಸೇಠ್ ತಾನೇ ಎತ್ತಿ ಕಪಾಟಿನಲ್ಲಿ ಇಟ್ಟ.

ಆಮೇಲೆ ಇಡೀ ಮಧ್ಯಾಹ್ನ ಅವನು ಆಸ್ಫಿಯಾಳನ್ನು ಕೌಂಟರಿಗೆ ಬಿಡಲಿಲ್ಲ. ಗಿರಾಕಿ ಬಂದರೆ ತಾನೇ ಎದ್ದು ಹೋದ. ಖಮರುದ್ದೀನ್ ಒಳಗಿನಿಂದ ಒಮ್ಮೆ ಇಣುಕಿ, ಪಾಪ ಎನ್ನುವಂತೆ ನೋಡಿ ಒಳಗೆ ಹೋದ. ಸಂಜೆ ಖಮರುದ್ದೀನ್ ಮನೆಗೆ ಹೋದ ಮೇಲೆ ಅವಳು ಬುರ್ಖಾ ಸರಿಮಾಡಿಕೊಂಡು, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ ಕೌಂಟರಿನ ಪಕ್ಕದಲ್ಲಿ ನಿಂತಳು. ತಿಂಗಳು ಮುಗಿದಿತ್ತು. ಸೇಠ್ ಶಟರನ್ನು ಅರ್ಧಕ್ಕೆ ಎಳೆದು ಅವಳ ಕಡೆ ತಿರುಗಿದ.

"ನಾಳೆಯಿಂದ ನೀ ಕೌಂಟರಿನ್ಯಾಗ ನಿಂದ್ರಬ್ಯಾಡ," ಎಂದ.

ಆಸ್ಫಿಯಾ ಹೂಂ ಎಂದಳು. ಸೇಠ್ ಅವಳ ಹಿಂದೆ ಹೊರಬಂದು ಶಟರನ್ನು ಪೂರ್ತಿ ಎಳೆದ. ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಈಗ ಇಬ್ಬರೂ ಅಂಗಡಿಯ ಹೊರಗಿದ್ದರು; ಶಟರಿನ ಒಳಗಿನ ಕಟ್ಟಳೆ ಅಲ್ಲಿಗೆ ಮುಗಿದಿತ್ತು. ಅವನು ಅವಳ ಜೊತೆ ಮೊದಲ ಸಲ ಮನೆಯ ಭಾಷೆಯಲ್ಲಿ ಮಾತಾಡಿದ.

"ಕಲ್ ಸೇ ಮೇರೆ ಪೀಛೆ ಠೈರ್ನಾ, ಬೇಟಾ."

ನಾಳೆಯಿಂದ ಅವಳು ನಿಲ್ಲಬೇಕಾದದ್ದು ಅವನ ಹಿಂದೆ. ಮಸೀದಿಯಲ್ಲಿ ಓದುವವನ ಬೆನ್ನಿಗೆ ಯಾರು ನಿಲ್ಲುತ್ತಾರೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಉತ್ತರಕ್ಕೆ ಕಾಯದೆ ಗಾಡಿ ಒದ್ದು ಹೊರಟುಹೋದ.

ಅವಳು ಬಸ್‌ಸ್ಟ್ಯಾಂಡಿಗೆ ಓಡಿದಳೆಂದೇ ಹೇಳಬೇಕು. ಹುಮನಾಬಾದ್ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಕೂತು, ಆಧಾರ್ ಕಾರ್ಡನ್ನು ಮುಂಚೆಯೇ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕಂಡಕ್ಟರ್ ಮೊದಲ ಸೀಟಿನಿಂದ ಒಬ್ಬೊಬ್ಬರನ್ನೇ ಕೇಳುತ್ತ ಹಿಂದಕ್ಕೆ ಬರುತ್ತಿದ್ದ. ಅವನು ಇನ್ನೂ ಎರಡು ಸೀಟು ಆಚೆ ಇರುವಾಗಲೇ ಆಸ್ಫಿಯಾ ಕಾರ್ಡನ್ನು ಮೇಲೆತ್ತಿ, ಇಡೀ ಬಸ್ಸಿಗೆ ಕೇಳುವಂತೆ, "ಕಮಲಾಪುರ," ಎಂದಳು.